ಪಂಚನಾಮೆಯಲ್ಲಿ ಬರೆಯದೆ ಉಳಿದದ್ದು: ವ್ಯಾಪಾರದ ತನಿಖೆ ಮತ್ತು ಅದರ ನಿಯಮಗಳು

ನವಿ ಮುಂಬಯಿಯ ವಾಶಿಯಲ್ಲಿರುವ ಎಪಿಎಂಸಿಯ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ, ಮಸಾಲಾ ಮಾರುಕಟ್ಟೆಯಲ್ಲಿ ಅಂಗಡಿಗೆ ‘ಗಾಳಾ’ ಎನ್ನುತ್ತಾರೆ. ಮುಂದೆ ಗಾದಿ, ತಕ್ಕಡಿ, ಲೆಕ್ಕದ ಮೇಜು. ಹಿಂದೆ ಮತ್ತು ಅಟ್ಟದ ಮೇಲೆ ಚೀಲಗಳು. ಶಿರಸಿ ಕಡೆಯಿಂದ ಬಂದು ಮೂರು ದಶಕಗಳಿಂದ ಅಲ್ಲಿ ಅಡಿಕೆ ವ್ಯಾಪಾರ ನಡೆಸುತ್ತಿರುವ ನನ್ನ ಪರಿಚಿತರೊಬ್ಬರ ಗಾಳಾಕ್ಕೆ ಒಂದು ಮಧ್ಯಾಹ್ನ ತೆರಿಗೆ ಅಧಿಕಾರಿಗಳು ಬಂದರು. ಯಜಮಾನರು ಊರಿಗೆ ಹೋಗಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ ಪಂಚನಾಮೆಗೆ, ಅಂದರೆ ಸ್ಥಳದಲ್ಲೇ ಬರೆಯುವ ಮಹಜರಿಗೆ, ಸಹಿ ಹಾಕಿದವನು ಅವರ ಗುಮಾಸ್ತ. ಪಂಚನಾಮೆ ಮರಾಠಿಯಲ್ಲಿತ್ತು. ಹುಡುಗನಿಗೆ ಮರಾಠಿ ಮಾತನಾಡಲು ಬರುತ್ತದೆ, ಕೈಬರಹದ ಮರಾಠಿ ಓದಲು ಬರುವುದಿಲ್ಲ. ಲೆಕ್ಕಪತ್ರದ ಕೆಲಸ ಮಾಡುವ ನಾನು ಮರುದಿನ ಆ ಹಾಳೆಯನ್ನು ನೋಡಿದಾಗ ಕಣ್ಣಿಗೆ ಬಿದ್ದ ಮೊದಲ ಸಾಲು ಇಷ್ಟೇ: ಸುಪಾರಿ, 312 ಚೀಲ.

ಅಡಿಕೆ ಯಾವ ಬಗೆಯದು, ಚಾಲಿಯೋ, ರಾಶಿಯೋ, ಬೆಟ್ಟೆಯೋ, ಬಿಳೆಗೋಟೋ ಎಂದು ಬರೆದಿರಲಿಲ್ಲ. ತೂಕವನ್ನೂ ಬರೆದಿರಲಿಲ್ಲ. ಅಡಿಕೆ ಬೆಳೆಯುವ ಊರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ದಿನ ಒಂದೇ ಪೇಟೆಯಲ್ಲಿ ಈ ನಾಲ್ಕಕ್ಕೂ ನಾಲ್ಕು ದರ. ಮುಂದೆ ಮಾಲಿನ ಮೌಲ್ಯ, ಅದರ ಮೇಲಿನ ತೆರಿಗೆ, ತೆರಿಗೆಯ ಮೇಲಿನ ದಂಡ, ಬಿಡಿಸಿಕೊಳ್ಳಲು ಕೊಡಬೇಕಾದ ಭದ್ರತೆ ಎಲ್ಲವೂ ಆ ಒಂದು ಸಾಲನ್ನು ಹಿಡಿದೇ ಲೆಕ್ಕಕ್ಕೆ ಬರುತ್ತವೆ.

ನನ್ನ ಪರಿಚಿತರ ಅಣ್ಣ ಊರಿನಲ್ಲಿ ತೋಟ ನೋಡಿಕೊಳ್ಳುತ್ತಾರೆ. ವಿದೇಶದ ಅಡಿಕೆ ಒಳನುಸುಳಿ ದರ ಬೀಳುತ್ತಿದೆ, ಬಂದರಿನಲ್ಲೂ ಗೋದಾಮಿನಲ್ಲೂ ದಾಳಿ ಇನ್ನಷ್ಟು ಬಿಗಿಯಾಗಬೇಕು ಎನ್ನುವುದು ಅವರ ನಿಲುವು, ಮತ್ತು ಆ ನಿಲುವಿನಲ್ಲಿ ನ್ಯಾಯವಿದೆ. ತಮ್ಮ ಮಾತ್ರ ದಾಳಿ ಎಂಬ ಪದ ಕೇಳಿದರೇ ಬೆಚ್ಚುತ್ತಾರೆ. ತನಿಖೆಯ ಕಾರ್ಯವಿಧಾನದ ನಿಯಮಗಳು ತಮ್ಮನ ಪರವಾಗಿವೆ, ಅಣ್ಣನ ವಿರುದ್ಧವಾಗಿವೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕಳ್ಳಸಾಗಣೆಯ ಪ್ರಕರಣಗಳು ಬಿದ್ದುಹೋಗುವ ಬಗೆಯನ್ನು ನೋಡಿದರೆ ಈ ತಿಳಿವಳಿಕೆ ತಲೆಕೆಳಗಾದದ್ದು ಎನಿಸುತ್ತದೆ: ನಿಯಮ ತಪ್ಪಿದ ದಾಳಿಯಿಂದ ಪ್ರಾಮಾಣಿಕ ವರ್ತಕ ನಲುಗುತ್ತಾನೆ, ಅದೇ ತಪ್ಪಿನ ಕಿಂಡಿಯಿಂದ ನಿಜವಾದ ಕಳ್ಳ ಹೊರಗೆ ಬರುತ್ತಾನೆ.

ಮೊದಲು ಒಳಗೆ ಬರುವ ಅಧಿಕಾರದ ಮಾತು. ಕೇಂದ್ರ ಜಿಎಸ್‌ಟಿ ಕಾಯ್ದೆಯ 67ನೇ ಸೆಕ್ಷನ್ ತಪಾಸಣೆ ಮತ್ತು ಶೋಧ ಎಂಬ ಎರಡು ಬೇರೆ ಬೇರೆ ಕ್ರಿಯೆಗಳನ್ನು ಹೇಳುತ್ತದೆ. ಎರಡಕ್ಕೂ ಜಂಟಿ ಆಯುಕ್ತರ ದರ್ಜೆಗಿಂತ ಕೆಳಗಿನವರಲ್ಲದ ಅಧಿಕಾರಿ ‘ನಂಬಲು ಕಾರಣವಿದೆ’ ಎಂದು ಮನಗಂಡು ಐಎನ್‌ಎಸ್-01 ಎಂಬ ನಮೂನೆಯಲ್ಲಿ ಅಧಿಕಾರಪತ್ರ ಕೊಡಬೇಕು. ಸಂಶಯ ಬೇರೆ, ನಂಬಲು ಕಾರಣ ಬೇರೆ. ಎರಡನೆಯದಕ್ಕೆ ಕಡತದಲ್ಲಿ ಏನಾದರೂ ಆಧಾರ ಇರಲೇಬೇಕು. ಬರೀ ತಪಾಸಣೆಗೆಂದು ಬಂದವರು ಬೀರುವಿನ ಬೀಗ ಒಡೆಯುವಂತಿಲ್ಲ. ಶೋಧದ ಅಧಿಕಾರಪತ್ರ ಇದ್ದರೆ, ಬಾಗಿಲು ತೆರೆಯಲು ನಿರಾಕರಿಸಿದಾಗ ಒಡೆಯಬಹುದು. 2019ರ ನವೆಂಬರ್ 8ರಿಂದ ಕೇಂದ್ರ ತೆರಿಗೆ ಇಲಾಖೆಯ ಅಧಿಕಾರಪತ್ರ, ಸಮನ್ಸ್, ಬಂಧನದ ಮೆಮೊಗಳ ಮೇಲೆ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರಬೇಕು. ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದರೆ ಕಾಗದ ಅಸಲಿಯೋ ನಕಲಿಯೋ ತಿಳಿಯುತ್ತದೆ. ಅಧಿಕಾರಿಗಳ ವೇಷದಲ್ಲಿ ಬಂದು ದೋಚುವವರೂ ಇರುವ ಮುಂಬಯಿಯಂಥ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಬಾಗಿಲಲ್ಲಿ ನಾಲ್ಕು ಜನ ನಿಂತಿರುವಾಗ ಮೊಬೈಲ್ ತೆಗೆದು ಸಂಖ್ಯೆ ಪರಿಶೀಲಿಸುವ ಧೈರ್ಯ ಗಾದಿಯ ಮೇಲೆ ಕೂತ ಗುಮಾಸ್ತನಿಗೆ ಎಲ್ಲಿಂದ ಬರಬೇಕು?

ಶೋಧದ ಉಳಿದ ಕ್ರಮವನ್ನು ಜಿಎಸ್‌ಟಿ ಕಾಯ್ದೆ ತಾನೇ ಬರೆಯದೆ ದಂಡ ಪ್ರಕ್ರಿಯೆಯ ಕಾನೂನಿನಿಂದ ಎರವಲು ಪಡೆದಿದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಆ ಪ್ರದೇಶದ ಸ್ವತಂತ್ರರೂ ಗೌರವಸ್ಥರೂ ಆದ ಇಬ್ಬರಾದರೂ ಸಾಕ್ಷಿಗಳಾಗಿ ಇರಬೇಕು. ಕರ್ನಾಟಕದಲ್ಲಿ ನಾವು ಮಹಜರು ಎನ್ನುವುದನ್ನು ಇಲ್ಲಿ ಪಂಚನಾಮೆ ಎನ್ನುತ್ತಾರೆ, ಸಾಕ್ಷಿಗಳನ್ನು ಪಂಚರು ಎನ್ನುತ್ತಾರೆ. ಗೌರವಸ್ಥರು ಎಂಬ ಪದದ ಅರ್ಥ ಏನೇ ಇರಲಿ, ಸಂಜೆಯ ಹೊತ್ತು ಸಿಗುವವರು ಸಾಮಾನ್ಯವಾಗಿ ಪಕ್ಕದ ಗಾಳಾದ ಮಾಥಾಡಿ (ಹೊರೆ ಹೊರುವ) ಕೆಲಸಗಾರ, ಇಲ್ಲವೇ ಚಹಾ ತಂದುಕೊಡುವ ಹುಡುಗ. ಹೊಸ ಸಂಹಿತೆ ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಬೇಕು ಎಂದೂ ಹೇಳುತ್ತದೆ, ಮೊಬೈಲ್ ಫೋನಿನಲ್ಲಾದರೂ ಸರಿ. ಈ ಒಂದು ನಿಯಮ ಮನಸ್ಸಿಟ್ಟು ಪಾಲನೆಯಾದರೆ ಪಂಚರ ಬಗೆಗಿನ ಅರ್ಧ ಜಗಳ ಮುಗಿಯುತ್ತದೆ. ಭಾಷೆಯ ಜಗಳ ಮಾತ್ರ ಉಳಿಯುತ್ತದೆ. ಹೇಳಿಕೆಯನ್ನು ಕೊಟ್ಟವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಿದ್ದೇವೆಂದು ಕೆಳಗೆ ಬರೆಯುವ ರೂಢಿ ಇದೆ. ಆ ವಾಕ್ಯ ಎಲ್ಲ ಪಂಚನಾಮೆಗಳಲ್ಲೂ ಇರುತ್ತದೆ, ಓದಿ ಹೇಳಿದ್ದು ಎಷ್ಟರಲ್ಲಿ ಎಂಬುದು ಬೇರೆ ಮಾತು. ಸಹಿಯ ಪಕ್ಕದಲ್ಲಿ ‘ನನಗೆ ಓದಲು ಬಾರದ ಲಿಪಿ’ ಎಂದು ಕನ್ನಡದಲ್ಲೇ ಒಂದು ಸಾಲು ಬರೆದು ಸಹಿ ಮಾಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ ಎಂದು ಇಲ್ಲಿನ ನಮ್ಮವರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಜಪ್ತಿಗೆ ಗಡುವು ಇದೆ, ನೋಟಿಸಿಗೆ ಗಡುವು ಇದೆ, ಆದೇಶಕ್ಕೆ ಗಡುವು ಇದೆ. ಇವೆಲ್ಲ ಶುರುವಾಗುವುದು ಮೊದಲ ಕಾಗದ ಹುಟ್ಟಿದ ಮೇಲೆ. ಅದಕ್ಕೂ ಮುಂಚಿನ ಕೆಲವು ಗಂಟೆಗಳಲ್ಲಿ, ಅಂದರೆ ಅಧಿಕಾರಿಗಳು ಒಳಗೆ ಬಂದ ಹೊತ್ತಿನಿಂದ ಪಂಚನಾಮೆಗೆ ಸಹಿ ಬೀಳುವ ತನಕ, ನಡೆಯುವುದರಲ್ಲಿ ಅತ್ಯಂತ ದುಬಾರಿಯಾದದ್ದು ‘ಸ್ವಯಂಪ್ರೇರಿತ’ ಪಾವತಿ. ನೋಟಿಸ್ ಬರುವ ಮೊದಲೇ ತೆರಿಗೆ, ಬಡ್ಡಿ ಮತ್ತು ತೆರಿಗೆಯ ಶೇಕಡ 15ರಷ್ಟು ದಂಡ ಕಟ್ಟಿದರೆ ವಂಚನೆಯ ಆರೋಪವಿರುವ ಪ್ರಕರಣವೂ ಅಲ್ಲಿಗೆ ಮುಗಿಯುತ್ತದೆ ಎಂದು 74ನೇ ಸೆಕ್ಷನ್ ಹೇಳುತ್ತದೆ. 2024-25ನೇ ಆರ್ಥಿಕ ವರ್ಷದಿಂದ ಅನ್ವಯವಾಗುವ 74ಎ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ನೋಟಿಸ್ ಬಂದ ಮೇಲೆ ಶೇಕಡ 25, ಆದೇಶ ಬಂದ ಮೇಲೆ ಶೇಕಡ 50, ಆಮೇಲೆ ಪೂರ್ತಿ ನೂರು. ಕಾಗದದ ಮೇಲೆ ಇದು ಉದಾರವಾದ ಏರ್ಪಾಡು. ರಾತ್ರಿ ಹತ್ತು ಗಂಟೆಗೆ, ಮನೆಯಿಂದ ಎಂಟನೆಯ ಫೋನ್ ಬರುತ್ತಿರುವಾಗ, ಗಾದಿಯ ಮೇಲಿನ ಕಂಪ್ಯೂಟರಿನಲ್ಲಿ ಡಿಆರ್‌ಸಿ-03 ಎಂಬ ಪಾವತಿ ನಮೂನೆ ತೆರೆದು, ಪಾವತಿಯ ಕಾರಣ ಎಂಬಲ್ಲಿ ಸ್ವಯಂಪ್ರೇರಿತ ಎಂಬ ಆಯ್ಕೆಯನ್ನು ಒತ್ತಿಸುವಾಗ ಅದರ ಬಣ್ಣ ಬೇರೆಯೇ.

ನ್ಯಾಯಾಲಯಗಳು ಇದನ್ನು ಗಮನಿಸದೆ ಇಲ್ಲ. 2021ರ ಫೆಬ್ರವರಿಯಲ್ಲಿ ಗುಜರಾತ್ ಹೈಕೋರ್ಟ್, ಶೋಧದ ವೇಳೆ ಚೆಕ್, ನಗದು, ಆನ್‌ಲೈನ್ ಪಾವತಿ ಅಥವಾ ಹೂಡುವಳಿ ತೆರಿಗೆಯ (ಖರೀದಿಯ ಮೇಲೆ ಈಗಾಗಲೇ ಕಟ್ಟಿದ ತೆರಿಗೆಯ) ಹೊಂದಾಣಿಕೆ ಯಾವ ರೂಪದಲ್ಲೂ ವಸೂಲಿ ಮಾಡಬಾರದು, ವರ್ತಕ ತಾನಾಗಿಯೇ ಕಟ್ಟಲು ಮುಂದೆ ಬಂದರೂ ಶೋಧ ಮುಗಿದು ಅಧಿಕಾರಿಗಳು ಹೊರಟ ಮರುದಿನ ಕಟ್ಟುವಂತೆ ತಿಳಿಸಬೇಕು ಎಂದಿತು. ಬೆಂಗಳೂರಿನ ಆಹಾರ ವಿತರಣಾ ಕಂಪನಿಯೊಂದರಿಂದ ತನಿಖೆಯ ನಡುವೆ ಕಟ್ಟಿಸಿಕೊಂಡ 27 ಕೋಟಿ ರೂಪಾಯಿಗೂ ಹೆಚ್ಚಿನ ಹಣವನ್ನು ಮರಳಿಸಬೇಕೆಂಬ ಆದೇಶವನ್ನು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2022ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ಮೇ 25ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ತನ್ನ ಸೂಚನೆಯಲ್ಲಿ, ಶೋಧ ನಡೆಯುತ್ತಿರುವಾಗಲೇ ವಸೂಲಿ ಮಾಡಬೇಕಾದ ಸಂದರ್ಭ ಹುಟ್ಟುವುದಿಲ್ಲ, ಬಲವಂತದ ದೂರು ಬಂದರೆ ವಿಚಾರಣೆ ನಡೆಸಬೇಕು ಎಂದು ಬರೆಯಿತು. ಆದರೆ ಅದೇ ಸೂಚನೆ, ವರ್ತಕ ತಾನಾಗಿ ಕಟ್ಟುವುದಾದರೆ ತಡೆಯೂ ಇಲ್ಲ ಎಂದಿತು. ತಡೆ ಇಲ್ಲ ಎಂಬ ಆ ಜಾಗದಲ್ಲೇ ಎಲ್ಲ ತೊಡಕೂ ಕೂತಿದೆ. ಬಲವಂತ ನಡೆಯಿತೆಂದು ತೋರಿಸುವ ಕಾಗದ ವರ್ತಕನ ಬಳಿ ಇರುವುದಿಲ್ಲ. ತಾನಾಗಿ ಕಟ್ಟಿದನೆಂದು ತೋರಿಸುವ ಕಾಗದ, ಅವನದೇ ಪಾಸ್‌ವರ್ಡಿನಿಂದ ಹುಟ್ಟಿದ್ದು, ಇಲಾಖೆಯ ಬಳಿ ಇರುತ್ತದೆ. ಕೊನೆಗೆ ನ್ಯಾಯಾಲಯ ನೋಡುವುದು ಪಾವತಿಯ ಗಡಿಯಾರವನ್ನು. ನಡುರಾತ್ರಿ ಅಥವಾ ಬೆಳಗಿನ ಜಾವಕ್ಕೆ ಯಾರೂ ಸಂತೋಷದಿಂದ ತೆರಿಗೆ ಕಟ್ಟುವುದಿಲ್ಲ ಎಂಬ ಸಾಮಾನ್ಯ ಜ್ಞಾನವೇ ಹಲವು ತೀರ್ಪುಗಳಲ್ಲಿ ಸಾಕ್ಷ್ಯದ ಕೆಲಸ ಮಾಡಿದೆ.

ಸಮನ್ಸ್ ವಿಚಾರದಲ್ಲಿ ನಿಯಮ ತುಸು ಸುಧಾರಿಸಿದೆ. 70ನೇ ಸೆಕ್ಷನ್ ಅಡಿಯ ವಿಚಾರಣೆಯನ್ನು ಕಾಯ್ದೆ ನ್ಯಾಯಿಕ ನಡವಳಿ ಎಂದೇ ಪರಿಗಣಿಸುತ್ತದೆ, ಅಂದರೆ ಅಲ್ಲಿ ಹೇಳುವ ಸುಳ್ಳಿಗೆ ಶಿಕ್ಷೆ ಇದೆ. 2022ರ ಆಗಸ್ಟಿನ ಸೂಚನೆಯ ಪ್ರಕಾರ ಪೋರ್ಟಲಿನಲ್ಲೇ ಸಿಗುವ ದಾಖಲೆಗಾಗಿ ಸಮನ್ಸ್ ಕೊಡಬಾರದು, ಕಂಪನಿಯ ಹಿರಿಯ ಮುಖ್ಯಸ್ಥರನ್ನು ಮೊದಲ ಹೆಜ್ಜೆಗೇ ಕರೆಸಬಾರದು. 2024ರ ಮಾರ್ಚಿನ ಮಾರ್ಗಸೂಚಿ ತನಿಖೆಯನ್ನು ಒಂದು ವರ್ಷದೊಳಗೆ ಮುಗಿಸಬೇಕು ಎಂದಿದೆ. ಕೇಂದ್ರದವರೂ ರಾಜ್ಯದವರೂ ಒಂದೇ ವಿಷಯಕ್ಕೆ ಬೇರೆ ಬೇರೆಯಾಗಿ ಕರೆಸಿದಾಗ ಎರಡನೆಯವರ ಬಳಿ ಹೋಗಬೇಕಿಲ್ಲ ಎಂಬ ವಾದ ಬಹಳ ದಿನ ಚಾಲ್ತಿಯಲ್ಲಿತ್ತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು: ಬರೀ ಸಮನ್ಸ್ ಕೊಟ್ಟ ಮಾತ್ರಕ್ಕೆ ನಡವಳಿ ಆರಂಭವಾದಂತಲ್ಲ, ಹಾಗಾಗಿ ಮಝಗಾಂವ್‌ನ ರಾಜ್ಯ ತೆರಿಗೆ ಕಚೇರಿಗೆ ಹೋಗಿಬಂದೆ ಎಂದು ಕೇಂದ್ರದ ಸಮನ್ಸನ್ನು ಮಡಚಿಡುವಂತಿಲ್ಲ. ವಕೀಲರ ವಿಷಯ ಸ್ವಾರಸ್ಯದ್ದು. ಕಸ್ಟಮ್ಸ್ ಮಾದರಿಯ ವಿಚಾರಣೆಯಲ್ಲಿ ವಕೀಲರನ್ನು ಜೊತೆಗೆ ಕೂರಿಸಿಕೊಳ್ಳುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿದೆ. ನಂತರದ ಪ್ರಕರಣಗಳಲ್ಲಿ ವಕೀಲರು ಕಣ್ಣಿಗೆ ಕಾಣುವ, ಆದರೆ ಕಿವಿಗೆ ಕೇಳದ ದೂರದಲ್ಲಿ ಇರಬಹುದೆಂದು ಅನುಮತಿ ಕೊಟ್ಟಿದೆ. ಗಾಜಿನ ಗೋಡೆಯಾಚೆ ಕೂತ ವಕೀಲರು ಬಾಯಿ ತೆರೆಯುವಂತಿಲ್ಲ. ಆದರೂ ಅವರು ಅಲ್ಲಿದ್ದಾರೆ ಎಂಬುದರಿಂದಲೇ ಕೋಣೆಯೊಳಗಿನ ಧ್ವನಿ ತಗ್ಗುತ್ತದೆ ಎನ್ನುವುದು ಕಂಡವರ ಅನುಭವ.

ಇನ್ನು ಬಂದರಿನ ಕಡೆ, ಅಂದರೆ ಅಣ್ಣನ ಕಡೆ ಬರೋಣ. 2023ರ ಫೆಬ್ರವರಿಯಿಂದ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ. ಅದಕ್ಕೂ ಮೊದಲು 251 ಇತ್ತು. ಆ ಬೆಲೆಗಿಂತ ಕೆಳಗಿನ ಆಮದು ನಿಷಿದ್ಧ. ಮೇಲಿಂದ ಶೇಕಡ 100 ಆಮದು ಸುಂಕ. ಇಷ್ಟು ಎತ್ತರದ ಗೋಡೆ ಕಟ್ಟಿದಾಗ ಅದನ್ನು ಹಾರುವವರೂ ಹುಟ್ಟುತ್ತಾರೆ, ಬೇರೆ ಸರಕಿನ ಹೆಸರಿನಲ್ಲಿ ಮುಂಬಯಿ ಬಳಿಯ ನಾವಾ ಶೇವಾ ಬಂದರಿಗೆ ಕಂಟೇನರುಗಳು ಬರುತ್ತವೆ. ಬಂದರಿನಲ್ಲೇ ಸಿಕ್ಕಿದರೆ ಪ್ರಕರಣ ಸುಲಭ, ಏಕೆಂದರೆ ಘೋಷಣೆಯ ಪತ್ರ ಒಂದು ಹೇಳುತ್ತದೆ, ಪೆಟ್ಟಿಗೆಯೊಳಗೆ ಇನ್ನೊಂದಿದೆ. ಊರೊಳಗಿನ ಗೋದಾಮಿನಲ್ಲಿ ಸಿಕ್ಕಿದರೆ ಕಷ್ಟ. ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಚಿನ್ನ, ಕೈಗಡಿಯಾರದಂಥ ಕೆಲವು ಸರಕುಗಳಿಗೆ ಮಾತ್ರ ‘ಇದು ಕಳ್ಳಮಾಲಲ್ಲ’ ಎಂದು ಸಾಬೀತು ಮಾಡುವ ಹೊಣೆ ಇಟ್ಟುಕೊಂಡವನ ಮೇಲಿದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಿದೇಶದ್ದೆಂದು ಇಲಾಖೆಯೇ ತೋರಿಸಬೇಕು.

ತೋರಿಸುವುದು ಹೇಗೆ? ಹಲವು ಪ್ರಕರಣಗಳಲ್ಲಿ ಮಾದರಿಯನ್ನು ಮಂಗಳೂರಿನ ಅಡಿಕೆ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನಕ್ಕೆ ಕಳುಹಿಸಿ, ಇದು ವಿದೇಶಿ ಮೂಲದ್ದು ಎಂಬ ವರದಿ ತರಿಸಿಕೊಂಡರು. ಆ ಸಂಸ್ಥೆ ಇಂಥ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯವಲ್ಲ, ಬರೀ ನೋಡಿ ಮೂಲದೇಶ ಹೇಳಲಾಗದು ಎಂದು ನ್ಯಾಯಮಂಡಳಿಗಳು ಮತ್ತೆ ಮತ್ತೆ ಆ ವರದಿಗಳನ್ನು ಬದಿಗಿಟ್ಟು ಸರಕನ್ನು ಬಿಟ್ಟುಕೊಡಲು ಹೇಳಿವೆ. ಅಡಿಕೆ ಕೈಯಲ್ಲಿ ಹಿಡಿದರೆ ಯಾವ ಸೀಮೆಯದ್ದೆಂದು ಹೇಳುವ ಹಿರಿಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತನ್ನು ನಾನು ನಂಬುತ್ತೇನೆ, ನ್ಯಾಯಾಲಯ ನಂಬಬೇಕಾಗಿಲ್ಲ. ಇಲ್ಲಿ ಸೋತದ್ದು ಬೆಳೆಗಾರ, ಮತ್ತು ಸೋಲಿಸಿದ್ದು ನಿಯಮವಲ್ಲ, ಸಾಗಣೆಯ ಜಾಡು, ಬ್ಯಾಂಕಿನ ಲೆಕ್ಕ, ಖರೀದಿಯ ಸರಪಳಿ ಹಿಡಿದು ಸಾಕ್ಷ್ಯ ಕಟ್ಟುವ ಬೇಸರದ ಕೆಲಸವನ್ನು ಬಿಟ್ಟು ಒಂದು ವರದಿಗೆ ಜೋತುಬಿದ್ದ ತನಿಖೆ.

ಗಡುವಿನ ವಿಷಯವೂ ಹೀಗೆಯೇ. ಕಸ್ಟಮ್ಸ್ ಕಾಯ್ದೆಯ 110ನೇ ಸೆಕ್ಷನ್ ಮತ್ತು ಜಿಎಸ್‌ಟಿಯ 67ನೇ ಸೆಕ್ಷನ್ ಎರಡೂ, ಜಪ್ತಿಯಾದ ಆರು ತಿಂಗಳೊಳಗೆ ನೋಟಿಸ್ ಕೊಡದಿದ್ದರೆ ಸರಕನ್ನು ಹಿಂದಿರುಗಿಸಬೇಕು ಎನ್ನುತ್ತವೆ. ಸಕಾರಣವಿದ್ದರೆ ಇನ್ನಾರು ತಿಂಗಳು ವಿಸ್ತರಿಸಬಹುದು. ಕಸ್ಟಮ್ಸ್‌ನಲ್ಲಿ ಸರಕು ಮರಳಿದರೂ ನೋಟಿಸ್ ಕೊಡುವ ಅಧಿಕಾರ ಉಳಿಯುತ್ತದೆ, ಆದರೆ ಕಳ್ಳಮಾಲು ಆ ಹೊತ್ತಿಗೆ ಪೇಟೆ ಸೇರಿರುತ್ತದೆ.

ನೋಟಿಸ್ ಕೊಡುವವರು ಯಾರು ಎಂಬ ಸಣ್ಣ ಪ್ರಶ್ನೆ ದೇಶದ ಕಸ್ಟಮ್ಸ್ ತನಿಖೆಯನ್ನೇ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಅಲುಗಾಡಿಸಿತು. ಕ್ಯಾಮೆರಾ ಆಮದಿನ ಕ್ಯಾನನ್ ಇಂಡಿಯಾ ಪ್ರಕರಣದಲ್ಲಿ 2021ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಸುಂಕ ವಸೂಲಿಯ ನೋಟಿಸ್ ಕೊಡಲು ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದರೆ ಡಿಆರ್‌ಐ, ಕಾಯ್ದೆ ಹೇಳುವ ‘ಸಂಬಂಧಪಟ್ಟ ಅಧಿಕಾರಿ’ಯಲ್ಲ ಎಂದಿತು. ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಆ ಪದದ ಹಿಂದೆ ‘ದಿ’ ಎಂಬ ನಿರ್ದೇಶಕ ಗುಣವಾಚಿ ಇದೆ. ಹಾಗಾಗಿ ಮೊದಲು ಸರಕನ್ನು ಬಿಟ್ಟುಕೊಟ್ಟ ಅಧಿಕಾರಿಯೇ ಅಥವಾ ಅವರ ಸ್ಥಾನದಲ್ಲಿ ಕೂತವರೇ ನೋಟಿಸ್ ಕೊಡಬೇಕು ಎಂಬುದು ತರ್ಕ. ನಮ್ಮ ಭಾಷೆಯಲ್ಲಿ ಆ ಅಕ್ಷರವೇ ಇಲ್ಲ, ಕನ್ನಡದಲ್ಲಿ ಕಾಯ್ದೆ ಬರೆದಿದ್ದರೆ ಈ ವ್ಯಾಜ್ಯ ಇನ್ನೊಂದು ದಾರಿ ಹಿಡಿಯುತ್ತಿತ್ತೇನೋ. ಡಿಆರ್‌ಐ ಕೊಟ್ಟ ನೋಟಿಸುಗಳೆಲ್ಲ ತೂಗುಯ್ಯಾಲೆಯಲ್ಲಿ ಬಿದ್ದವು. 2022ರ ಹಣಕಾಸು ಕಾಯ್ದೆ ಹಿಂದಿನಿಂದ ತೇಪೆ ಹಾಕಿತು. 2024ರ ನವೆಂಬರ್ 7ರಂದು ಪುನರ್‌ಪರಿಶೀಲನೆಯಲ್ಲಿ ಸುಪ್ರೀಂ ಕೋರ್ಟ್ ತನ್ನ ಮೊದಲ ತೀರ್ಪನ್ನು ಬದಲಿಸಿ ಡಿಆರ್‌ಐ ಅಧಿಕಾರವನ್ನು ಒಪ್ಪಿತು. ಫಲಿತಾಂಶ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಅಧಿಸೂಚನೆಯನ್ನು ಮೊದಲೇ ನಿಚ್ಚಳವಾಗಿ ಬರೆದಿದ್ದರೆ ಈ ವರ್ಷಗಳು ಉಳಿಯುತ್ತಿದ್ದವು.

ರಸ್ತೆಯ ಮೇಲಿನ ತನಿಖೆ ಇನ್ನೊಂದು ಲೋಕ. ಶಿರಸಿಯಿಂದ ಹೊರಟ ಲಾರಿಯನ್ನು ಮಹಾರಾಷ್ಟ್ರದ ಹೆದ್ದಾರಿಯಲ್ಲಿ ತಡೆದರೆ ಅದಕ್ಕೆ ಅನ್ವಯವಾಗುವುದು ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್. ತಡೆದ ಏಳು ದಿನಗಳೊಳಗೆ ನೋಟಿಸ್, ನೋಟಿಸ್ ಕೊಟ್ಟ ಏಳು ದಿನಗಳೊಳಗೆ ಆದೇಶ. ಮಾಲೀಕ ಮುಂದೆ ಬಂದರೆ ದಂಡ ತೆರಿಗೆಯ ಶೇಕಡ 200. ಒಣ ಅಡಿಕೆಯ ಮೇಲೆ ತೆರಿಗೆ ಶೇಕಡ 5 ಇರುವುದರಿಂದ 20 ಲಕ್ಷ ರೂಪಾಯಿಯ ಲೋಡಿಗೆ 2 ಲಕ್ಷ. ಮಾಲೀಕ ಬಾರದಿದ್ದರೆ ಸರಕಿನ ಮೌಲ್ಯದ ಅರ್ಧ, ಅಂದರೆ 10 ಲಕ್ಷ. ಇನ್‌ವಾಯ್ಸ್ ಜೊತೆಗಿದ್ದರೆ ಕಳುಹಿಸಿದವರನ್ನೋ ಪಡೆಯುವವರನ್ನೋ ಮಾಲೀಕರೆಂದು ಒಪ್ಪಬೇಕು ಎಂದು ಮಂಡಳಿಯ ಸುತ್ತೋಲೆಯೇ ಹೇಳುವುದರಿಂದ, ಒಂದು ಹಾಳೆ ಎಂಟು ಲಕ್ಷ ಉಳಿಸುತ್ತದೆ. ಹೆಸರಿನ ಕಾಗುಣಿತದ ತಪ್ಪು, ವಾಹನದ ಸಂಖ್ಯೆಯಲ್ಲಿ ಒಂದೆರಡು ಅಂಕಿಯ ತಪ್ಪು ಇವುಗಳಿಗೆ ಒಟ್ಟು 1,000 ರೂಪಾಯಿ ದಂಡ ಸಾಕು ಎಂಬ ಸುತ್ತೋಲೆ 2018ರ ಸೆಪ್ಟೆಂಬರಿನಿಂದ ಇದೆ, ಕನ್ನಡದ ಊರಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಬಗೆಯಾಗಿ ಬರೆಯುವ ನಮಗೆ ಅದು ಬಾಯಿಪಾಠವಾಗಿರಬೇಕು. ತೆಲಂಗಾಣದ ಪ್ರಕರಣವೊಂದರಲ್ಲಿ ರಸ್ತೆ ತಡೆಯಿಂದ ಲಾರಿ ನಿಂತು ಇ-ವೇ ಬಿಲ್ಲಿನ (ಸರಕು ಸಾಗಣೆಯ ವಿದ್ಯುನ್ಮಾನ ಪತ್ರದ) ಅವಧಿ ಮುಗಿದದ್ದೇ ನೆಪವಾಗಿ ಅಧಿಕಾರಿ ಕಾಗದದ ಸರಕನ್ನು ಹಿಡಿದು ಸಂಬಂಧಿಕರೊಬ್ಬರ ಮನೆಯಲ್ಲಿ ಇರಿಸಿದ್ದರು. ಹೈಕೋರ್ಟ್ ವಿಧಿಸಿದ್ದ 10,000 ರೂಪಾಯಿ ವೆಚ್ಚಕ್ಕೆ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ 59,000 ಸೇರಿಸಿತು.

ಬಂಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಸಾಮಾನ್ಯ ವರ್ತಕನಿಗೆ ಅದು ಘಟಿಸುವುದಕ್ಕಿಂತ ಹೆಚ್ಚಾಗಿ ಬೆದರಿಕೆಯಾಗಿ ಕಿವಿಗೆ ಬೀಳುವ ಪದ. ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಕಸ್ಟಮ್ಸ್ ಮತ್ತು ಜಿಎಸ್‌ಟಿ ಪ್ರಕರಣಗಳಲ್ಲೂ ನಿರೀಕ್ಷಣಾ ಜಾಮೀನು ಕೇಳಬಹುದು ಎಂದಿತು. ಬಂಧನದ ಭಯ ತೋರಿಸಿ ತೆರಿಗೆ ಕಟ್ಟಿಸಿಕೊಂಡರೆ ಆ ಹಣ ಮರಳಿ ಕೇಳಬಹುದು, ಅಧಿಕಾರಿಯ ಮೇಲೆ ಇಲಾಖಾ ಕ್ರಮವೂ ಆಗಬೇಕು ಎಂದಿತು. ಈ ಕೊನೆಯ ಮಾತು ಗಾಳಾದಲ್ಲಿ ರಾತ್ರಿ ಹತ್ತು ಗಂಟೆಗೆ ನಡೆಯುವ ಮಾತುಕತೆಗೆ ನೇರವಾಗಿ ತಾಗುತ್ತದೆ.

ನಮ್ಮ ಪರಿಚಿತರ ಅಡಿಕೆ ಬಾಂಡು ಮತ್ತು ಬ್ಯಾಂಕ್ ಗ್ಯಾರಂಟಿಯ ಮೇಲೆ ಐದನೆಯ ತಿಂಗಳಲ್ಲಿ ಬಿಡುಗಡೆಯಾಯಿತು. ಆ ಐದು ತಿಂಗಳಲ್ಲಿ ಜೂನ್, ಜುಲೈ ಎರಡೂ ಬಂದುಹೋಗಿದ್ದವು. ವಾಶಿಯ ಮಳೆಗಾಲದ ತೇವಕ್ಕೆ ಚಾಲಿಯ ಬಿಳುಪು ಹೋಗಿ ಮೇಲೆ ಬೂಷ್ಟು ಕೂತಿತ್ತು. ನಷ್ಟ ಎಷ್ಟೆಂದು ಕೇಳೋಣವೆಂದರೆ, ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ಅದನ್ನು ದಾಟಿದರೂ, ಹಿಡಿದ ದಿನ ಅದು ಯಾವ ಜಾತಿಯ ಅಡಿಕೆ, ಎಷ್ಟು ತೂಗುತ್ತಿತ್ತು ಎಂದು ತೋರಿಸಲು ಇರುವುದು ಆ ಪಂಚನಾಮೆಯೊಂದೇ. ಚೀಲಗಳನ್ನು ಎಣಿಸಿಕೊಂಡು ಸಹಿ ಮಾಡಿದರು. ಲೆಕ್ಕ ಸರಿಯಾಗಿತ್ತು, 312.